ಕಲ್ಲಿನಿಂದ ಕೀಲಿಮಣೆಗೆ

(ಬಾನುಲಿ ಭಾಷಣದ ಬರೆಹರೂಪ)

ಶಿಕಾರಿಪುರ ಸೊರಬಗಳ ಸೀಮೆಯಲ್ಲಿ ಬಂದಳಿಕೆ ಎಂಬ ಊರಿದೆ. ಮರದ ಮೇಲೆ ಹಬ್ಬಿ ಮರದ ಸಾರವನ್ನೇ ಉಂಡು ಬದುಕುವ ಸಸ್ಯಕ್ಕೂ ಕನ್ನಡದಲ್ಲಿ ಬಂದಳಿಕೆ ಎಂದೇ ಹೆಸರು. ಊರಿನ ಪಾಳುಗುಡಿಗಳ ಮೇಲೆ ಗಿಡಬಳ್ಳಿಗಳು ಬೇರಿಳಿಸಿ ನಿಂತುದನ್ನು ಕಂಡವರಿಗೆ ಈ ಹೆಸರು ತಕ್ಕುದೇ ಎನಿಸಬಹುದು. ಆದರೆ ಶಾಸನಗಳಲ್ಲಿ ಈ ಊರು ಬಂದಣಿಕೆ. ಸಂಸ್ಕೃತದ ಉಡುಗೆ ತೊಟ್ಟಾಗ ಬಾಂಧವಪುರ. ಬನವಾಸಿ ಪನ್ನಿರ್ಛಾಸಿರದೊಳಗಿನ ನಾಗರಖಂಡ ಎಪ್ಪತ್ತಕ್ಕೆ ಇದೇ ರಾಜಧಾನಿಯಾಗಿತ್ತು. ಶಾಂತಿನಾಥ ಬಸದಿ, ಸೋಮೇಶ್ವರ ದೇಗುಲ, ತ್ರಿಮೂರ್ತಿ ದೇಗುಲ ಇವು ಇಂದಿಗೂ ಆ ವೈಭವದ ಸಾಕ್ಷಿಗಳಾಗಿ ನಿಂತಿವೆ.

ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಈ ನಾಗರಖಂಡಕ್ಕೆ ಜಕ್ಕಿಯಬ್ಬೆ ಎಂಬ ಹೆಣ್ಣುಮಗಳು ನಾಳ್ಗಾವುಂಡಿಯಾಗಿದ್ದಳು. ಆಕೆಯ ಗಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಅರಸನು ಆ ಪದವಿಯನ್ನು ಆಕೆಗೇ ಕೊಟ್ಟನು. ಆಕೆ ನಾಡನ್ನು ಆಳಿದಳು. ಕಡೆಗೆ ದೇಹದಲ್ಲಿ ವ್ಯಾಧಿ ನೆಲೆಸಿದಾಗ ಮಗಳನ್ನು ಕರೆಸಿ ಅಧಿಕಾರವನ್ನು ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹವನ್ನು ಬಿಟ್ಟಳು. ಸಾವಿರದ ನೂರು ವರ್ಷಗಳ ಹಿಂದಿನ ಈ ಹೆಣ್ಣಿನ ಆಡಳಿತ, ಆಯಾಸ, ನಿರ್ಧಾರ ಇವೆಲ್ಲ ನಮಗೆ ತಿಳಿದಿರುವುದು ಒಂದು ಕಲ್ಲಿನಿಂದ. ಆ ಕಲ್ಲು ಇಲ್ಲದಿದ್ದರೆ ಜಕ್ಕಿಯಬ್ಬೆಯೂ ಇರುತ್ತಿರಲಿಲ್ಲ.

ಇಷ್ಟು ಹೇಳಿ ನಾವು ಸಾಮಾನ್ಯವಾಗಿ ಸುಮ್ಮನಾಗುತ್ತೇವೆ. ಕಲ್ಲು ಇತ್ತು, ನಾವು ಓದಿದೆವು ಎನ್ನುತ್ತೇವೆ. ಆದರೆ ನಮ್ಮಲ್ಲಿ ಎಷ್ಟು ಮಂದಿ ಆ ಕಲ್ಲಿನ ಮುಂದೆ ನಿಂತು ಅದನ್ನು ಓದಿದ್ದೇವೆ? ನಾವು ಓದಿದ್ದು ಪುಸ್ತಕದಲ್ಲಿ. ಕಲ್ಲಿಗೂ ಪುಸ್ತಕಕ್ಕೂ ನಡುವೆ ಒಂದು ಮರದ ತಟ್ಟೆ ಇದೆ. ಅದರ ತುಂಬ ಸಣ್ಣ ಸಣ್ಣ ಮನೆಗಳು. ಒಂದೊಂದು ಮನೆಯಲ್ಲೂ ಸೀಸದ ಸಣ್ಣ ಸಣ್ಣ ಮೊಳೆಗಳು. ಇಂದು ನಾನು ಹೇಳಹೊರಟಿರುವುದು ಈ ಮನೆಗಳ ಚರಿತ್ರೆಯನ್ನು. ಚಿಕ್ಕ ವಸ್ತುಗಳನ್ನು ಎಲ್ಲಿ ಇಡಬೇಕು, ಹೇಗೆ ವಿಂಗಡಿಸಬೇಕು ಎಂಬುದು ಅಡಿಗೆಮನೆಯ ಒಗ್ಗರಣೆ ಡಬ್ಬಿಗೆ ಸೇರಿದ ಮಾತೆಂದು ತೋರಬಹುದು. ಆದರೆ ಒಂದು ಭಾಷೆಯ ಯಾವ ಅಕ್ಷರ ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ಎಷ್ಟೋ ಸಲ ಈ ಡಬ್ಬಿಯೇ ತೀರ್ಮಾನಿಸಿದೆ.

ಕಲ್ಲಿನ ಮೇಲೆ ಬರೆಯುವವನಿಗೆ ಡಬ್ಬಿಯ ಚಿಂತೆ ಇರಲಿಲ್ಲ. ರೂವಾರಿಯ ಕೈಯಲ್ಲಿ ಉಳಿ ಇದ್ದರೆ ಸಾಕು. ಬೇಕಾದ ಅಕ್ಷರವನ್ನು ಬೇಕಾದ ಸ್ಥಳದಲ್ಲಿ ಆಗಲೇ ಹುಟ್ಟಿಸುತ್ತಿದ್ದನು. ಒಂದೇ ಶಾಸನದಲ್ಲಿ ನೂರು ಸಲ ‘ಕ’ ಬಂದರೆ ನೂರು ‘ಕ’ಗಳೂ ಬೇರೆ ಬೇರೆ ಹುಟ್ಟಿದವು. ಅಪರೂಪದ ಅಕ್ಷರವೂ ಅಷ್ಟೇ ಸುಲಭ, ಅಷ್ಟೇ ಕಷ್ಟ. ಅಕ್ಷರಗಳನ್ನು ಕೂಡಿಡುವ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಆದ್ದರಿಂದಲೇ ಹಳೆಯ ಶಾಸನಗಳಲ್ಲಿ ಕನ್ನಡ ತನ್ನ ಎಲ್ಲ ಅಕ್ಷರಗಳೊಡನೆ ಸುಖವಾಗಿ ಕುಳಿತಿದೆ.

ಅವುಗಳಲ್ಲಿ ಎರಡು ಅಕ್ಷರಗಳು ಇಂದು ನಮ್ಮ ವರ್ಣಮಾಲೆಯಲ್ಲಿ ಇಲ್ಲ. ಒಂದು ಱ, ಇನ್ನೊಂದು ೞ. ಮೊದಲನೆಯದನ್ನು ಶಕಟರೇಫವೆನ್ನುತ್ತಾರೆ, ಎರಡನೆಯದನ್ನು ಕೇಶಿರಾಜ ಹದಿಮೂರನೆಯ ಶತಮಾನದ ತನ್ನ ‘ಶಬ್ದಮಣಿದರ್ಪಣ’ದಲ್ಲಿ ರಳವೆಂದು ಕರೆದು, ಅದನ್ನು ಕುಳ, ಕ್ಷಳಗಳಿಂದ ಬೇರ್ಪಡಿಸಿದ್ದಾನೆ. ವ್ಯಾಕರಣಕಾರನೊಬ್ಬ ಹೀಗೆ ಎಚ್ಚರಿಕೆಯಿಂದ ಬೇರ್ಪಡಿಸುತ್ತಿದ್ದಾನೆಂದರೆ ಆಗಲೇ ಜನ ಬೆರಸತೊಡಗಿದ್ದರೆಂದು ಅರ್ಥ. ಬಾಯಿ ಬೆರಸಿತು, ಬರೆಹ ಕೆಲಕಾಲ ಬೇರೆಯಾಗಿಯೇ ಇಟ್ಟಿತು, ಆಮೇಲೆ ಅದೂ ಸೋತಿತು. ೞ ಹೋಗಿ ಹೆಚ್ಚು ಕಡೆಗಳಲ್ಲಿ ಳ ಬಂದಿತು. ಱ ಹೋಗಿ ರ ಬಂದಿತು.

ಹೋದರೇನು ಎಂದು ಕೇಳಬಹುದು. ಒಂದೆರಡು ಉದಾಹರಣೆ ಸಾಕು. ಹಳಗನ್ನಡದಲ್ಲಿ ಬಾೞ್ ಎಂದರೆ ಬದುಕು. ಬಾಳ್ ಎಂದರೆ ಕತ್ತಿ. ಕಱೆ ಎಂದರೆ ಹಾಲು ಕರೆ. ಕರೆ ಎಂದರೆ ಕೂಗಿ ಕರೆ. ಯುದ್ಧದಲ್ಲಿ ಮಡಿದ ವೀರನ ಸಲುವಾಗಿ ಕತ್ತಿಯನ್ನು ತೊಳೆದು ಭೂಮಿ ಬಿಡುವ ಪದ್ಧತಿಗೆ ಶಾಸನಗಳಲ್ಲಿ ಬಾಳ್ಗಚ್ಚು ಎಂದು ಹೆಸರು. ಅಲ್ಲಿರುವುದು ಕತ್ತಿಯ ಬಾಳ್, ಬದುಕಿನ ಬಾೞ್ ಅಲ್ಲ. ಅಕ್ಷರ ಒಂದೇ ಆದಾಗ ಕತ್ತಿಯೂ ಬದುಕೂ ಒಂದೇ ಆಗುತ್ತವೆ. ಅಷ್ಟೇಕೆ, ಈ ನಾಗರಖಂಡ ಎಪ್ಪತ್ತು ಎಂಬ ಹೆಸರನ್ನೇ ನೋಡಿ. ಎಪ್ಪತ್ತಕ್ಕೆ ಹಳಗನ್ನಡದ ರೂಪ ಎೞ್ಪತ್ತು. ಏೞು ಹತ್ತುಗಳು ಸೇರಿದುದೆಂಬ ಕಥೆಯನ್ನು ಆ ೞ ಹೇಳುತ್ತದೆ. ನಮ್ಮ ಎಪ್ಪತ್ತು ಅದನ್ನು ಮರೆತಿದೆ. ಹೀಗೆ ಬಂದಳಿಕೆಯ ನಾಡಿನ ಹೆಸರಿನಲ್ಲೇ ಒಂದು ಕಳೆದುಹೋದ ಅಕ್ಷರವಿದೆ.

ಇನ್ನು ಮೊಳೆಗಳ ಕಾಲಕ್ಕೆ ಬರೋಣ. ಕನ್ನಡವು ಮೊಳೆಯಚ್ಚನ್ನು ಕಂಡಿದ್ದು ಕನ್ನಡನಾಡಿನಿಂದ ಬಹುದೂರದಲ್ಲಿ, ಬಂಗಾಳದ ಸೆರಾಂಪುರದಲ್ಲಿ. ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ ೧೮೧೭ರಲ್ಲಿ ಅಲ್ಲಿ ಅಚ್ಚಾಯಿತು. ಅದಕ್ಕೆ ಐದು ವರ್ಷ ಮೊದಲು, ೧೮೧೨ರ ಮಾರ್ಚಿಯಲ್ಲಿ, ಸೆರಾಂಪುರದ ಆ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತ್ತು. ಹಸ್ತಪ್ರತಿಗಳು ಉರಿದುಹೋದವು, ಅನೇಕ ಭಾರತೀಯ ಭಾಷೆಗಳ ಮೊಳೆಗಳು ಕರಗಿ ಸೀಸದ ಗಟ್ಟಿಗಳಾದವು. ಆದರೆ ಮೊಳೆಗಳನ್ನು ಎರಕ ಹೊಯ್ಯುವ ಮೂಲ ಅಚ್ಚುಗಳು ಉಳಿದುಕೊಂಡವು. ಕರಗಿದ ಸೀಸವನ್ನೇ ಮತ್ತೆ ಅವುಗಳಿಗೆ ಹೊಯ್ದು ಕೆಲಸವನ್ನು ಬೇಗನೆ ಮುಂದುವರಿಸಿದರು. ಅಕ್ಷರದ ಚರಿತ್ರೆಯಲ್ಲಿ ಇದೊಂದು ದೊಡ್ಡ ಪಾಠ. ಮೊಳೆ ಸವೆಯುವ ವಸ್ತು, ಹೋದರೆ ಮತ್ತೆ ಬಂದೀತು. ಮೂಲ ಅಚ್ಚು ಹೋದರೆ ಅಕ್ಷರವೇ ಹೋದಂತೆ.

ಕನ್ನಡದ ಮೊದಲ ಪತ್ರಿಕೆಯ ಕಥೆಯೂ ಈ ದೃಷ್ಟಿಯಿಂದ ಸ್ವಾರಸ್ಯವಾಗಿದೆ. ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟವನ್ನು ತೆರೆದಾಗ ಅವರಲ್ಲಿದ್ದದ್ದು ಕಲ್ಲಚ್ಚು. ಹೆರ್ಮನ್ ಮೊಗ್ಲಿಂಗ್ ೧೮೪೩ರ ಜುಲೈ ಒಂದರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ ಆ ಕಲ್ಲಿನಿಂದಲೇ ಹುಟ್ಟಿತು. ನಯಗೊಳಿಸಿದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಅದರಿಂದ ಪ್ರತಿ ತೆಗೆಯುವ ವಿಧಾನ ಅದು. ಬಂದಳಿಕೆಯ ರೂವಾರಿಯಂತೆ ಇಲ್ಲಿಯೂ ಅಕ್ಷರವನ್ನು ಅಲ್ಲಲ್ಲೇ ಬರೆಯಬೇಕು. ಕೂಡಿಡುವ ತೊಂದರೆ ಇಲ್ಲ. ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ಹೋಯಿತು, ಅಲ್ಲಿ ಮೊಳೆಗಳಿದ್ದವು. ಹೆಸರೂ ‘ಕನ್ನಡ ಸಮಾಚಾರ’ ಎಂದಾಯಿತು. ಕಲ್ಲಿನಿಂದ ಮೊಳೆಗೆ ದಾಟಿದ ಈ ಪ್ರಯಾಣದಲ್ಲಿ ಕನ್ನಡಕ್ಕೆ ವೇಗ ದೊರೆಯಿತು. ಜತೆಗೆ ಹೊಸದೊಂದು ಬಂಧನವೂ ಬಂದಿತು: ತಟ್ಟೆಯಲ್ಲಿ ಇದ್ದುದನ್ನು ಮಾತ್ರ ಅಚ್ಚು ಹಾಕಬಹುದು.

ಆ ತಟ್ಟೆ ಎಂತಹದು? ಅಚ್ಚುಕೂಟದವರು ಅದನ್ನು ಕೇಸು ಎನ್ನುತ್ತಿದ್ದರು. ಇಂಗ್ಲಿಷಿನ ಕೆಲಸಕ್ಕೆ ಎರಡು ಕೇಸು ಸಾಕು; ಮೇಲಿನದರಲ್ಲಿ ದೊಡ್ಡಕ್ಷರ, ಕೆಳಗಿನದರಲ್ಲಿ ಸಣ್ಣಕ್ಷರ. ಕನ್ನಡದ ಲೆಕ್ಕ ಬೇರೆ. ನಮ್ಮ ವ್ಯಂಜನಗಳು ೩೪. ಒಂದೊಂದಕ್ಕೂ ಹದಿಮೂರು ಸ್ವರಗಳನ್ನು ಹಚ್ಚಿದರೆ ೪೪೨ ರೂಪಗಳು. ವ್ಯಂಜನಕ್ಕೆ ವ್ಯಂಜನ ಕೂಡಿದ ಒತ್ತಕ್ಷರಗಳನ್ನೆಲ್ಲ ಹಾಗೆಯೇ ಇಡಿಯಾಗಿ ಎರಕ ಹೊಯ್ಯುತ್ತೇವೆಂದರೆ ಲೆಕ್ಕದ ಪ್ರಕಾರ ೧೫,೦೨೮. ಅಷ್ಟೂ ಬಳಕೆಯಲ್ಲಿಲ್ಲ, ನಿಜ. ಆದರೂ ಅದರ ಹತ್ತರಲ್ಲೊಂದು ಪಾಲಿಗೆ ಮನೆ ಕಟ್ಟಿದರೂ ಮೊಳೆ ಜೋಡಿಸುವವನು ದಿನವಿಡೀ ನಡೆಯುತ್ತಲೇ ಇರಬೇಕಾಗುತ್ತಿತ್ತು. ಆದ್ದರಿಂದ ಅಕ್ಷರವನ್ನು ಬಿಡಿಸಿದರು. ಒತ್ತುಗಳು ಬೇರೆ, ದೀರ್ಘ ಬೇರೆ, ಅರ್ಕಾವೊತ್ತು ಬೇರೆ. ಶಾಲೆಯಲ್ಲಿ ಮಗು ಯಾವುದನ್ನು ತಲಕಟ್ಟು, ಗುಡಿಸು, ಕೊಂಬು, ಏತ್ವ ಎಂದು ಬಾಯಿಪಾಠ ಮಾಡುತ್ತದೆಯೋ ಅದನ್ನೇ ಅಚ್ಚುಕೂಟದವರು ಲೋಹದಲ್ಲಿ ಕಂಡುಕೊಂಡರು.

ಮನೆಗಳ ಹಂಚಿಕೆಯಲ್ಲಿ ಒಂದು ವಿವೇಕವಿತ್ತು. ಅದು ಅಕಾರಾದಿಯ ಕ್ರಮವಲ್ಲ. ಹೆಚ್ಚು ಬಳಕೆಯ ಅಕ್ಷರಕ್ಕೆ ದೊಡ್ಡ ಮನೆ, ಅದೂ ಕೈಗೆ ಹತ್ತಿರ. ಅಪರೂಪದ ಅಕ್ಷರಕ್ಕೆ ಸಣ್ಣ ಮನೆ, ದೂರದ ಮೂಲೆ. ಝ, ಙ, ಞಗಳು ಊರಾಚೆಯ ವಾಸಿಗಳು. ಒಂದನ್ನೊಂದು ಹೋಲುವ ಅಕ್ಷರಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ ಆಪತ್ತು. ಧ ಮತ್ತು ಥ, ಪ ಮತ್ತು ಷ ಇವನ್ನು ಬೆರಳು ಗುರುತಿಸುವುದಿಲ್ಲ, ಕಣ್ಣೂ ಸುಲಭವಾಗಿ ಗುರುತಿಸುವುದಿಲ್ಲ; ಏಕೆಂದರೆ ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ನುರಿತವನು ಕೇಸಿನ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಹಸ್ತಪ್ರತಿಯ ಮೇಲೆ, ಎಡಗೈಯಲ್ಲಿ ಜೋಡಿಸುವ ಕಡ್ಡಿ, ಬಲಗೈ ಮನೆಯಿಂದ ಮನೆಗೆ. ಚೆನ್ನೆಮಣೆಯ ಗುಳಿಗಳಲ್ಲಿ ಕಾಳು ಹಾಕುತ್ತ ಹೋಗುವ ಮುತ್ತಜ್ಜಿಯ ಕೈಯಂತೆ ಅದು ತಾನೇ ದಾರಿ ತಿಳಿದು ಹೋಗುತ್ತಿತ್ತು.

ಮೊಳೆ ಜೋಡಿಸುವುದು ಕೆಲಸದ ಅರ್ಧ. ಅಚ್ಚಾದ ಮೇಲೆ ಬಿಚ್ಚಿ ಮತ್ತೆ ಅವುಗಳ ಮನೆಗೆ ಸೇರಿಸುವುದು ಉಳಿದರ್ಧ. ಈ ಎರಡನೆಯ ಅರ್ಧವನ್ನು ಹೊಗಳಿದವರು ಯಾರೂ ಇಲ್ಲ. ಓದುಗನಿಗೆ ಅದು ಕಾಣುವುದಿಲ್ಲ. ಆದರೆ ಇಂದು ತಪ್ಪು ಮನೆಗೆ ಬಿದ್ದ ಮೊಳೆ ನಾಳೆಯ ಪುಟದಲ್ಲಿ ತಪ್ಪು ಅಕ್ಷರವಾಗಿ ಏಳುತ್ತದೆ. ಅಚ್ಚಿನ ತಪ್ಪು ಎಂದು ನಾವು ಜೋಡಿಸುವವನನ್ನು ಬೈಯುತ್ತೇವೆ. ಆತ ಸರಿಯಾದ ಮನೆಗೇ ಕೈ ಹಾಕಿದ್ದ, ಆ ಮನೆಯಲ್ಲಿ ಇದ್ದದ್ದು ಬೇರೆಯವನು. ತಟ್ಟೆಯೊಂದು ಕೈಜಾರಿ ಬಿದ್ದು ಮೊಳೆಗಳೆಲ್ಲ ಬೆರೆತುಹೋದರೆ ಅಚ್ಚುಕೂಟದಲ್ಲಿ ಆ ದಿನ ಸೂತಕ. ಹೊಸದಾಗಿ ಸೇರಿದ ಹುಡುಗನನ್ನು ಇಂತಹ ರಾಶಿಯ ಮುಂದೆ ಕೂರಿಸುತ್ತಿದ್ದರು. ಅವನ ಅಕ್ಷರಾಭ್ಯಾಸ ಅಲ್ಲಿಂದ.

ಈ ವಿಷಯದಲ್ಲಿ ನನ್ನದೊಂದು ಅನುಭವವನ್ನು ಹೇಳಬೇಕು. ಬಹಳ ವರ್ಷಗಳ ಹಿಂದೆ ಬಾಳ್ಗಚ್ಚಿನ ಮೇಲೆ ನಾನೊಂದು ಸಣ್ಣ ಲೇಖನವನ್ನು ಬರೆದು ನಮ್ಮ ಕಡೆಯ ಒಂದು ಅಚ್ಚುಕೂಟಕ್ಕೆ ಕೊಟ್ಟಿದ್ದೆ. ಕರಡು ಬಂದಾಗ ನೋಡಿದರೆ ೞ ಇದ್ದ ಕಡೆಗಳಲ್ಲೆಲ್ಲ ಳ. ತಿದ್ದಿ ಕಳುಹಿಸಿದೆ. ಎರಡನೆಯ ಕರಡಿನಲ್ಲಿಯೂ ಹಾಗೆಯೇ. ನಾನೇ ಹೋದೆ. ಮೊಳೆ ಜೋಡಿಸುತ್ತಿದ್ದವರು ವಯಸ್ಸಾದವರು. ಕನ್ನಡಕವನ್ನು ಹಣೆಗೇರಿಸಿ, ಕೇಸಿನ ಮೇಲಿನ ಮೂಲೆಯ ಒಂದು ಮನೆಯನ್ನು ತೋರಿಸಿದರು.

“ಮನೆ ಇದೆ ಮೇಷ್ಟ್ರೇ, ಇದೇ. ನಾನು ಕೆಲಸಕ್ಕೆ ಸೇರಿದಾಗ ಒಂದು ಹಿಡಿ ಇದ್ದವು. ಯಾರೂ ಕೇಳಲಿಲ್ಲ. ಹಳೇ ಸೀಸದ ಜತೆ ಕರಗಿಸೋಕೆ ಹಾಕಿಬಿಟ್ಟರು.”

ಮನೆಯೊಳಗೆ ನೋಡಿದೆ. ಸವೆದ ಅಲ್ಪವಿರಾಮಗಳು, ಮುರಿದ ಗೆರೆಯ ಚೂರುಗಳು, ಒಂದು ಗುಂಡುಸೂಜಿ.

“ಈಗ ಏನು ಮಾಡೋದು?” ಎಂದೆ.

“ನೀವೇ ಹೇಳಿ. ಖಾಲಿ ಬಿಡಲೋ, ಳ ಹಾಕಲೋ?”

ಳ ಹಾಕಿರಿ ಎಂದು ನಾನೇ ಹೇಳಿ ಬಂದೆ. ಲೇಖನ ಅಚ್ಚಾಯಿತು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ಬಾಳ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ, ಇವೆರಡರ ಭೇದ ಅಕ್ಷರದಿಂದಲೇ ಸ್ಪಷ್ಟವಾಗುತ್ತದೆ. ಒಂದು ವಾರದಲ್ಲಿ ಓದುಗರೊಬ್ಬರಿಂದ ಕಾರ್ಡು ಬಂದಿತು. ಎರಡೇ ಪದ: ಯಾವ ಅಕ್ಷರದಿಂದ?

ನಕ್ಕು ಮರೆಯಬಹುದಾದ ಮಾತು ಇದಲ್ಲವೆಂದು ಆಮೇಲೆ ತೋರಿತು. ಆ ಹಿರಿಯರ ತಪ್ಪೇನೂ ಇಲ್ಲ, ಆ ಅಚ್ಚುಕೂಟದ ತಪ್ಪೂ ಅಲ್ಲ. ಬಳಕೆಯಿಲ್ಲದ ಮೊಳೆಗೆ ಮನೆ ಕೊಟ್ಟು ಕಾಯುವುದಕ್ಕೆ ಅವರು ವಸ್ತುಸಂಗ್ರಹಾಲಯದವರಲ್ಲ. ಆದರೆ ಸಾವಿರ ವರ್ಷ ಕಲ್ಲು ಕಾದಿಟ್ಟ ಅಕ್ಷರವನ್ನು ಕರಗಿಸುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತೆಂಬುದೂ ನಿಜ. ಆ ತೀರ್ಮಾನವನ್ನು ಯಾವ ಪಂಡಿತಸಭೆಯೂ ಮಾಡಲಿಲ್ಲ. ಖಾಲಿ ಮನೆಯೊಂದು ಬೇಕಾಗಿತ್ತು, ಅಷ್ಟೇ.

ಇದನ್ನು ನೆನೆದಾಗ ಹಿಂದಿನವರ ಕೆಲಸದ ಬೆಲೆ ತಿಳಿಯುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ತಿರುಗಿ ಪ್ರತಿ ಮಾಡಿಸಿ, ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಸುಮಾರು ಒಂಬತ್ತು ಸಾವಿರ ಶಾಸನಗಳು. ಶಿಕಾರಿಪುರದ ಶಾಸನಗಳು ೧೯೦೨ರ ಏಳನೆಯ ಸಂಪುಟದಲ್ಲಿವೆ. ಸೊರಬದವು ೧೯೦೪ರ ಎಂಟನೆಯದರಲ್ಲಿ. ಜಕ್ಕಿಯಬ್ಬೆ ವಿದ್ವಾಂಸರ ಮನೆಮನೆಗೆ ಬಂದಿದ್ದು ಈ ಏಳನೆಯ ಸಂಪುಟದ ಮೂಲಕ. ಈ ಮಾಲೆಯ ಸಂಪುಟಗಳು ಬೆಂಗಳೂರಿನ ಸರಕಾರಿ ಮುದ್ರಣಾಲಯದಲ್ಲಿಯೂ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿಯೂ ಅಚ್ಚಾದವು. ಇತ್ತ ಕಿಟ್ಟೆಲರು ೧೮೭೨ರಲ್ಲಿ ಕೇಶಿರಾಜನ ವ್ಯಾಕರಣವನ್ನು ಮಂಗಳೂರಿನಲ್ಲಿ ಪ್ರಕಟಿಸಿ, ೧೮೯೪ರಲ್ಲಿ ತಮ್ಮ ಮಹಾನಿಘಂಟನ್ನು ಹೊರತಂದರು. ಅದರಲ್ಲಿ ಱ ಮತ್ತು ೞ ತಮ್ಮ ಹಕ್ಕಿನ ಸ್ಥಾನದಲ್ಲಿ ಕುಳಿತಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ ೧೯೭೦ರಲ್ಲಿ ಬಂದು ಎಂಟನೆಯದು ೧೯೯೫ರಲ್ಲಿ ಮುಗಿಯುವವರೆಗೆ ಈ ಅಕ್ಷರಗಳನ್ನು ಕಾಪಾಡಬೇಕಾಯಿತು. ನಾವು ಸಂಪಾದಕರ ಪಾಂಡಿತ್ಯವನ್ನು ಹೊಗಳುತ್ತೇವೆ, ಹೊಗಳಲೇಬೇಕು. ಆದರೆ ಎಲ್ಲೋ ಒಂದು ಕೇಸಿನ ಮೂಲೆಯಲ್ಲಿ ೞ ತುಂಬಿದ ಮನೆಯನ್ನು ಖಾಲಿ ಮಾಡದೆ ಕಾದ ಒಬ್ಬ ಅನಾಮಧೇಯ ಕೆಲಸಗಾರನೂ ಇದ್ದನು. ಅವನಿಲ್ಲದೆ ಪಾಂಡಿತ್ಯ ಹಸ್ತಪ್ರತಿಯಲ್ಲೇ ಉಳಿಯುತ್ತಿತ್ತು.

ಮೊಳೆಗಳ ಮನೆಯಿಂದ ಕೀಲಿಗಳ ಮಣೆಗೆ ದಾಟಿಸಿದವನೂ ಒಬ್ಬ ಅಚ್ಚುಕೂಟದವನೇ ಎಂಬುದನ್ನು ಗಮನಿಸಬೇಕು. ಬೆರಳಚ್ಚು ಯಂತ್ರಕ್ಕೆ ೧೮೬೮ರಲ್ಲಿ ಹಕ್ಕುಪತ್ರ ಪಡೆದ ಕ್ರಿಸ್ಟಫರ್ ಶೋಲ್ಸ್ ಅಮೆರಿಕದ ಮಿಲ್ವಾಕಿಯಲ್ಲಿ ಪತ್ರಿಕೆ ನಡೆಸಿದವನು, ಮುದ್ರಕ. ಅವನ ಯಂತ್ರವನ್ನು ರೆಮಿಂಗ್ಟನ್ ಕಂಪೆನಿ ೧೮೭೪ರಲ್ಲಿ ಮಾರಾಟಕ್ಕೆ ತಂದಿತು. ಇಲ್ಲಿ ಒಂದೊಂದು ಅಕ್ಷರಕ್ಕೂ ಒಂದೇ ಮೊಳೆ. ಅದು ಹೊಡೆದು ಮತ್ತೆ ತಾನೇ ತನ್ನ ಮನೆಗೆ ಮರಳುತ್ತದೆ. ಬಿಚ್ಚಿ ಹಂಚುವ ದುಡಿಮೆಯೇ ಇಲ್ಲ. ಅತ್ತ ಅಚ್ಚುಕೂಟಕ್ಕೂ ಮಾನೋಟೈಪ್ ಯಂತ್ರ ಬಂದಿತು. ಅದರ ಹೃದಯ ಅಂಗೈಯಗಲದ ಒಂದು ಚೌಕಟ್ಟು. ಹದಿನೈದು ಸಾಲು, ಸಾಲಿಗೆ ಹದಿನೈದು, ಒಟ್ಟು ೨೨೫ ಅಚ್ಚುಗಳು. ಕೋಣೆಯ ತುಂಬ ಹರಡಿದ್ದ ಕೇಸುಗಳು ಅಂಗೈಗೆ ಇಳಿದವು.

ಆದರೆ ಮನೆ ಚಿಕ್ಕದಾದಷ್ಟೂ ಯಾರನ್ನು ಒಳಗೆ ಸೇರಿಸಬೇಕೆಂಬ ಜಗಳ ಹೆಚ್ಚು. ಬೆರಳಚ್ಚು ಯಂತ್ರದಲ್ಲಿ ಕೀಲಿಗಳು ಸುಮಾರು ೪೬. ಕೀಲಿಗೆ ಎರಡರಂತೆ ೯೨ ಗುರುತುಗಳು. ಅಂಕಿ, ವಿರಾಮಚಿಹ್ನೆಗಳೂ ಅದರಲ್ಲೇ ಹಿಡಿಸಬೇಕು. ಕನ್ನಡದ ಐನೂರರ ಸಂಸಾರವನ್ನು ಇಷ್ಟರಲ್ಲಿ ಅಡಕಮಾಡಿದ ಕೆ. ಅನಂತಸುಬ್ಬರಾಯರ ಸಾಧನೆ ಸಣ್ಣದಲ್ಲ. ಅಕ್ಷರದ ಒಡಲು ಒಂದು ಕೀಲಿಯಲ್ಲಿ, ಸ್ವರದ ಗುರುತು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. ಮೂರೂ ಸೇರಿ ಕಾಗದದ ಮೇಲೆ ಒಂದಾಗಬೇಕು. ಅಂದವಾಗಿ ಕಾಣಲಿಲ್ಲವೆಂದು ದೂರಿದವರುಂಟು. ಆದರೆ ಕನ್ನಡದಲ್ಲಿ ಆಡಳಿತ ನಡೆಯಬೇಕೆಂಬ ಮಾತು ಬಾಯಿಮಾತಾಗಿ ಉಳಿಯದೆ ಕಚೇರಿಯ ಮೇಜಿಗೆ ಬಂದುದು ಆ ಯಂತ್ರದಿಂದ. ನಾನು ಕಂಡ ಕನ್ನಡ ಬೆರಳಚ್ಚು ಯಂತ್ರಗಳಲ್ಲಿ ಱ, ೞಗಳಿಗೆ ಎಡೆ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ, ಕಂದಾಯದ ನೋಟೀಸಿಗೆ ರಳವೇಕೆ?

ಆಮೇಲೆ ಗಣಕಯಂತ್ರ ಬಂದಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದಿದ್ದ ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡದ ಸ್ವಭಾವವನ್ನೇ ಹಿಡಿದು ಒಂದು ಕೀಲಿಮಣೆಯನ್ನು ರೂಪಿಸಿದರು. ಇಂಗ್ಲಿಷಿನ ೨೬ ಕೀಲಿಗಳಲ್ಲೇ ಕನ್ನಡವೆಲ್ಲ ಅಡಗಿತು. ವ್ಯಂಜನದ ಮುಂದೆ ಸ್ವರವನ್ನು ಒತ್ತಿದರೆ ಗುಣಿತಾಕ್ಷರ, ನಡುವೆ ಕೊಂಡಿಯ ಕೀಲಿಯೊಂದನ್ನು ಒತ್ತಿದರೆ ಒತ್ತಕ್ಷರ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಅನುಸರಿಸಿದ್ದು ಈ ವಿನ್ಯಾಸವನ್ನೇ. ಕರ್ನಾಟಕ ಸರಕಾರವೂ ಅದನ್ನು ಒಪ್ಪಿಕೊಂಡಿತು. ಇಲ್ಲಿ ಬೆರಳು ಒತ್ತುವುದು ಧ್ವನಿಯನ್ನು. ಆಕಾರವನ್ನು ಜೋಡಿಸುವ ಚಿಂತೆ ಯಂತ್ರದ್ದು. ಮೊಳೆ ಜೋಡಿಸುವವನ ಕೈಗೂ ಬಾಯಿಪಾಠ ಮಾಡುವ ಮಗುವಿನ ಬಾಯಿಗೂ ಇದ್ದ ದೂರ ಹೀಗೆ ಕೊನೆಗೊಂಡಿತು.

ಲೋಕದ ಲಿಪಿಗಳಿಗೆಲ್ಲ ಒಂದೇ ಕೇಸನ್ನು ಕಟ್ಟುವ ಯೂನಿಕೋಡ್ ಎಂಬ ಯೋಜನೆ ೧೯೯೧ರಲ್ಲಿ ಮೊದಲ ಬಾರಿ ಪ್ರಕಟವಾದಾಗ ಕನ್ನಡಕ್ಕೂ ಅದರಲ್ಲಿ ಒಂದು ಓಣಿ ದೊರೆಯಿತು. ೧೨೮ ಮನೆಗಳ ಓಣಿ, ಎಲ್ಲವೂ ತುಂಬಿಲ್ಲ. ಸಂತೋಷದ ಸಂಗತಿಯೆಂದರೆ, ಬೆರಳಚ್ಚಿನ ಮಣೆಯಲ್ಲಿ ಎಡೆಯಿಲ್ಲದ ಱ, ೞ ಎರಡಕ್ಕೂ ಇಲ್ಲಿ ಮನೆಯಿದೆ. ಆದರೆ ೞ ಇರುವ ಮನೆಯ ಬಾಗಿಲಿಗೆ ಬರೆದ ಹೆಸರು ಏನು ಗೊತ್ತೆ? ‘ಫ’. ನಮ್ಮ ಫಲದ ಫ ಅಲ್ಲ. ಪಾರಸಿ ಮಾತುಗಳಿಗಾಗಿ ಚುಕ್ಕಿಯಿಟ್ಟು ಬರೆಯುವ ಫ. ದೇವನಾಗರಿಯ ಓಣಿಯಲ್ಲಿ ಅದೇ ಸಾಲಿನ ಅದೇ ಮನೆಯಲ್ಲಿ ಆ ಅಕ್ಷರವಿದೆ. ದೇವನಾಗರಿಯ ನಕ್ಷೆಯನ್ನೇ ಮಾದರಿಯಾಗಿಟ್ಟುಕೊಂಡು ಕನ್ನಡದ ಮನೆಗಳನ್ನು ಕಟ್ಟುವಾಗ ಕೇಶಿರಾಜನ ರಳಕ್ಕೆ ಪಾರಸಿಯ ಹೆಸರು ಅಂಟಿಕೊಂಡಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಆ ಯೋಜನೆಯ ನಿಯಮ.  ಆದ್ದರಿಂದ ತಪ್ಪು ಹೆಸರು ಹಾಗೆಯೇ ಇದೆ. ಪಕ್ಕದಲ್ಲಿ ತಿದ್ದುಪಡಿಯ ಇನ್ನೊಂದು ಹೆಸರನ್ನು ಅಧಿಕೃತವಾಗಿ ಸೇರಿಸಿದ್ದಾರೆ. ನಾನು ಕಂಡ ಅಚ್ಚುಕೂಟದಲ್ಲಿ ಮನೆ ಇತ್ತು, ಒಳಗೆ ಅಕ್ಷರವಿರಲಿಲ್ಲ. ಇಲ್ಲಿ ಅಕ್ಷರವಿದೆ, ಬಾಗಿಲಿನ ಹೆಸರು ತಪ್ಪು. ಎರಡರಲ್ಲಿ ಯಾವುದು ಮೇಲೆಂದು ಕೇಳಿದರೆ ನಾನು ಹಿಂದುಮುಂದು ನೋಡದೆ ಎರಡನೆಯದನ್ನು ಆರಿಸುತ್ತೇನೆ.

ಬೆರಳಚ್ಚು ಯಂತ್ರಗಳ ಕಾಲ ಮುಗಿಯಿತು. ಸ್ವದೇಶಿಯಾಗಿ ೧೯೫೫ರಲ್ಲಿ ಗೋದ್ರೆಜ್‌ನವರು ಆರಂಭಿಸಿದ ತಯಾರಿಕೆಯೂ ನಿಂತಿದೆ. ಅಚ್ಚುಕೂಟದ ಕೇಸುಗಳು ಹಳೆ ಸಾಮಾನಿನ ಅಂಗಡಿಗೆ ಹೋಗಿ, ಕೆಲವರ ಮನೆಯ ಗೋಡೆಗೆ ಅಲಂಕಾರವಾದವು. ಇನ್ನು ಬಿಡಿಭಾಗಗಳ ಕಾಲ ಮುಗಿಯಿತೆಂದು ನಾನು ತಿಳಿದಿದ್ದೆ. ಅದು ಸುಳ್ಳೆಂದು ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ತೋರಿಸಿದ. ತಮ್ಮ ಗಣಕದ ಕೀಲಿಮಣೆಯನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸದವರಲ್ಲಿ ಅವನೂ ಒಬ್ಬ. ಒಂದೊಂದು ಗುಂಡಿಯ ಕೆಳಗೂ ಒಂದು ಸ್ವಿಚ್ಚು. ಒಂದೊಂದು ಸ್ವಿಚ್ಚಿಗೂ ಮೇಲಿನ ಕವಚ, ಕೆಳಗಿನ ಕವಚ, ನಡುವಿನ ಕಾಂಡ, ಸುರುಳಿ ಸ್ಪ್ರಿಂಗು, ತಾಮ್ರಲೋಹದ ಎಲೆ ಎಂದು ಐದು ಭಾಗ. ೧೦೪ ಗುಂಡಿಗಳ ಮಣೆಗೆ ಐನೂರ ಇಪ್ಪತ್ತು ಚೂರುಗಳು, ಗುಂಡಿಗಳ ಲೆಕ್ಕ ಬೇರೆ. ಅವನ ಮೇಜಿನ ಮೇಲೆ ಪಾರದರ್ಶಕ ಡಬ್ಬಿಗಳು, ಒಳಗೆ ಸಣ್ಣ ಸಣ್ಣ ಮನೆಗಳು.

“ಇವೆರಡು ಸ್ಪ್ರಿಂಗೂ ಒಂದೇ ತರಹ ಕಾಣಿಸ್ತವಲ್ಲೋ” ಎಂದೆ.

“ಕಾಣಿಸೋದು ಒಂದೇ ತರಹ ಸೋದರಮಾವ, ಭಾರ ಬೇರೆ. ಬೆರೆತುಹೋದರೆ ಕಣ್ಣಿಗೆ ಗೊತ್ತಾಗೋಲ್ಲ, ಬೆರಳಿಗೆ ಗೊತ್ತಾಗುತ್ತೆ. ಅದಕ್ಕೇ ಪಕ್ಕಪಕ್ಕ ಇಡೋಲ್ಲ. ಎಣ್ಣೆ ಹಚ್ಚಿದ್ದು ಬೇರೆ ಡಬ್ಬಿ, ಹಚ್ಚದ್ದು ಬೇರೆ. ಬಿಚ್ಚಿದ್ದನ್ನ ಆಗಲೇ ಅದರ ಮನೆಗೆ ಹಾಕಿಬಿಡಬೇಕು.”

ಅವನು ಮೊಳೆಯ ಕೇಸನ್ನು ಕಂಡವನಲ್ಲ. ಆದರೂ ಹೋಲುವ ವಸ್ತುಗಳನ್ನು ದೂರ ಇಡು, ಹೆಚ್ಚು ಬಳಸುವುದನ್ನು ಹತ್ತಿರ ಇಡು, ಬಿಚ್ಚಿದ ಕೂಡಲೇ ಮನೆಗೆ ಸೇರಿಸು ಎಂಬ ಅಚ್ಚುಕೂಟದ ಮೂರು ಸೂತ್ರಗಳನ್ನೂ ತಾನೇ ಕಂಡುಕೊಂಡಿದ್ದ. ಕೈಯಿಂದ ಮಾಡುವ ಕೆಲಸ ತನ್ನ ವಿವೇಕವನ್ನು ಪ್ರತಿಯೊಂದು ತಲೆಮಾರಿಗೂ ಹೊಸದಾಗಿ ಕಲಿಸುತ್ತದೆಯೆಂದು ತೋರುತ್ತದೆ. ಡಬ್ಬಿಯಲ್ಲಿ ಒಂದು ಮನೆ ಖಾಲಿಯಿತ್ತು. ಇದಕ್ಕೇನು ಹಾಕುತ್ತೀಯೆ ಎಂದು ಕೇಳಿದೆ. ಇನ್ನೂ ಗೊತ್ತಿಲ್ಲ, ಇರಲಿ ಅಂತ ಬಿಟ್ಟಿದ್ದೇನೆ ಎಂದ. ಆ ಮಾತು ನನಗೆ ಬಹಳ ಹಿಡಿಸಿತು.

ನನ್ನ ಮಾತಿನ ತಾತ್ಪರ್ಯ ಇಷ್ಟೇ. ಕಳೆದುಹೋದ ಅಕ್ಷರಗಳನ್ನು ಮತ್ತೆ ಬಳಕೆಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಬಾಯಿ ಬಿಟ್ಟ ಧ್ವನಿಯನ್ನು ಬರೆಹ ಬಲವಂತದಿಂದ ತುಂಬಲಾರದು. ಮಕ್ಕಳಿಗೆ ಎರಡು ರ, ಎರಡು ಳ ಕಲಿಸಿ ದಣಿಸುವುದೂ ಬೇಡ. ಆದರೆ ಬಳಸುವುದು ಬೇರೆ, ಇಟ್ಟುಕೊಳ್ಳುವುದು ಬೇರೆ. ನಮ್ಮ ಮನೆಗಳಲ್ಲಿ ದಿನವೂ ಬಳಸದ ದೊಡ್ಡ ಪಾತ್ರೆಗಳು ಅಟ್ಟದ ಮೇಲೆ ಇರುತ್ತವೆ. ಮದುವೆಯ ದಿನ ಕೆಳಗಿಳಿಯುತ್ತವೆ. ಭಾಷೆಗೂ ಒಂದು ಅಟ್ಟ ಬೇಕು. ಆ ಅಟ್ಟದ ಮೇಲೆ ಏನಿದೆ, ಯಾವ ಮೂಲೆಯಲ್ಲಿದೆ, ಅದರ ಮೇಲೆ ಬರೆದ ಹೆಸರು ಸರಿಯಿದೆಯೆ ಎಂದು ಆಗಾಗ ಹತ್ತಿ ನೋಡುವವರೂ ಬೇಕು.

ಹೋದ ಸಲ ಬಂದಳಿಕೆಗೆ ಹೋದಾಗ ಬಸದಿಯ ಅಂಗಳದಲ್ಲಿ ಬಹಳ ಹೊತ್ತು ಕುಳಿತಿದ್ದೆ. ಮಳೆ ನಿಂತ ಹೊತ್ತು. ಕಲ್ಲಿನ ಮೇಲೆ ನೀರಿಳಿದು ಅಕ್ಷರಗಳ ತಗ್ಗಿನಲ್ಲಿ ತೇವ ಉಳಿದಿತ್ತು. ಜತೆಗಿದ್ದ ಶಾಲೆಯ ಹುಡುಗನೊಬ್ಬ ಒಂದು ಅಕ್ಷರದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದ. ಅವನಿಗೆ ಉತ್ತರ ಹೇಳುವುದಕ್ಕೆ ಆ ಅಕ್ಷರ ಒಂದು ಪುಸ್ತಕದಲ್ಲಿ ಇರಬೇಕಾಗಿತ್ತು, ಪುಸ್ತಕದಲ್ಲಿ ಇರುವುದಕ್ಕೆ ಒಂದು ತಟ್ಟೆಯಲ್ಲಿ ಇರಬೇಕಾಗಿತ್ತು, ತಟ್ಟೆಯಲ್ಲಿ ಇರುವುದಕ್ಕೆ ಯಾರೋ ಒಬ್ಬ ಅದನ್ನು ಎಸೆಯದೆ ಇಟ್ಟಿರಬೇಕಾಗಿತ್ತು. ಯಾರೋ ಇಟ್ಟಿದ್ದರು. ಆದ್ದರಿಂದ ಹುಡುಗನಿಗೆ ಹೇಳಿದೆ: “ಅದು ೞ ಕಣಪ್ಪ. ಎೞ್ಪತ್ತು. ನಿಮ್ಮ ನಾಡಿನ ಲೆಕ್ಕ.”